ಮಿದುಳಿಗೆ ಪೆಟ್ಟಾದ ಮೇಲಿನ ಬದುಕು: ಮನೆಯವರು ತಿಳಿದಿರಬೇಕಾದ ವಿಷಯಗಳು

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗ, ಲಕ್ವ ಹೊಡೆದಾಗ ಅಥವಾ ಮಿದುಳು ಜ್ವರ ಬಂದಾಗ ಎಲ್ಲರ ಮೊದಲ ಚಿಂತೆ ಜೀವದ್ದು. ಜೀವ ಉಳಿದು, ಹೊಲಿಗೆ ಬಿಚ್ಚಿ, ಮನೆಗೆ ಹೊರಡುವ ದಿನ ಬಂದಾಗ ಕಷ್ಟ ಮುಗಿಯಿತೆಂದು ಮನೆಯವರು ಸಮಾಧಾನಪಡುತ್ತಾರೆ. ಆದರೆ ಬದುಕನ್ನು ಮತ್ತೆ ಕಟ್ಟುವ ಕೆಲಸ ಅಂದಿನಿಂದಲೇ ಶುರುವಾಗುತ್ತದೆ. ಅದಕ್ಕೆ ಔಷಧದ ಜೊತೆಗೆ ತಿಳಿವಳಿಕೆ ಬೇಕು, ಕೆಲವು ಕಾಗದಪತ್ರಗಳೂ ಬೇಕು. ಅವನ್ನು ಈ ಲೇಖನದಲ್ಲಿ ಸರಳವಾಗಿ ತಿಳಿಸಲಾಗಿದೆ.

ಕಾಣುವ ತೊಂದರೆ, ಕಾಣದ ತೊಂದರೆ

ಕೈಕಾಲು ಬಿದ್ದುಹೋದರೆ ಎಲ್ಲರಿಗೂ ಕಾಣುತ್ತದೆ. ಆದರೆ ಮಿದುಳಿನ ಪೆಟ್ಟಿನಿಂದ ಕಣ್ಣಿಗೆ ಕಾಣದ ಬದಲಾವಣೆಗಳೂ ಆಗುತ್ತವೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಅರ್ಧ ಗಂಟೆ ಮಾತನಾಡಿದರೆ ತಲೆ ದಣಿಯುತ್ತದೆ. ಶಾಂತವಾಗಿದ್ದವರು ಸಣ್ಣ ಮಾತಿಗೂ ಸಿಟ್ಟಾಗುತ್ತಾರೆ. ಕೆಲವರು ಯಾರಾದರೂ ಹೇಳುವ ತನಕ ಕುಳಿತ ಜಾಗದಿಂದ ಏಳುವುದೇ ಇಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರು ತಟ್ಟೆಯ ಎಡಭಾಗದ ರೊಟ್ಟಿ, ಪಲ್ಯವನ್ನು ಮುಟ್ಟದೆ ಎದ್ದುಬಿಡುತ್ತಾರೆ. ಆ ಕಡೆಗೆ ಅವರ ಗಮನವೇ ಹೋಗುವುದಿಲ್ಲ.

ಇದನ್ನು ಸೋಮಾರಿತನ, ಹಟ ಅಥವಾ ಗಾಳಿ ಸೋಕಿದ್ದು ಎಂದು ಭಾವಿಸಬೇಡಿ. ಯೋಚಿಸುವ, ಸಿಟ್ಟು ತಡೆಯುವ, ಕೆಲಸ ಆರಂಭಿಸುವ ಶಕ್ತಿ ಮುಖ್ಯವಾಗಿ ಮಿದುಳಿನ ಮುಂಭಾಗಕ್ಕೆ ಸೇರಿದ್ದು. ಅಲ್ಲಿ ಪೆಟ್ಟಾದರೆ ಸ್ವಭಾವವೇ ಬದಲಾದಂತೆ ಕಾಣುತ್ತದೆ. ಇನ್ನೊಂದು ವಿಷಯ: ತನಗೆ ತೊಂದರೆಯಿದೆ ಎಂಬುದೇ ಕೆಲವು ರೋಗಿಗಳಿಗೆ ತಿಳಿಯುವುದಿಲ್ಲ. ಕೇಳಿದರೆ "ನಾನು ಆರಾಮ ಇದ್ದೀನಿ" ಎನ್ನುತ್ತಾರೆ. ಅದು ಸುಳ್ಳಲ್ಲ, ಅದೂ ಕಾಯಿಲೆಯ ಒಂದು ಲಕ್ಷಣ.

ಒಂದು ನೋಟ್‌ಬುಕ್ ಇಡಿ

ಮನೆಗೆ ಹೋದ ದಿನದಿಂದಲೇ 200 ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ ಹಾಕಿ, ಆ ದಿನ ರೋಗಿಗೆ ಏನು ಸಾಧ್ಯವಾಯಿತು, ಏನು ಆಗಲಿಲ್ಲ ಎಂದು ಎರಡು ಸಾಲು ಬರೆಯಿರಿ. "ಒಲೆ ಹಚ್ಚಿ ಮರೆತರು", "ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ತಿಳಿಯಲಿಲ್ಲ", "ಸ್ನಾನ ತಾವೇ ಮಾಡಿದರು, ಅಂಗಿಯ ಗುಂಡಿ ಹಾಕಲು ಆಗಲಿಲ್ಲ" ಎಂದು ನಡೆದದ್ದನ್ನು ನಡೆದಂತೆ ಬರೆದರೆ ಸಾಕು.

ಇದು ಏಕೆ ಮುಖ್ಯ? ವೈದ್ಯರು ರೋಗಿಯನ್ನು ನೋಡುವುದು ಕೆಲವೇ ನಿಮಿಷ. ನಡೆದುಕೊಂಡು ಬಂದು, ಹೆಸರು ಊರು ಸರಿಯಾಗಿ ಹೇಳಿ, "ಆರಾಮ" ಎಂದವರ ಕಾಣದ ತೊಂದರೆ ಅಷ್ಟರಲ್ಲಿ ಗೊತ್ತಾಗುವುದು ಕಷ್ಟ. ಅದನ್ನು ದಿನವೂ ಕಾಣುವವರು ನೀವು. ಮುಂದೆ ಪ್ರಮಾಣಪತ್ರಕ್ಕಾಗಲಿ, ಪರಿಹಾರದ ಅರ್ಜಿಗಾಗಲಿ ಈ ನೋಟ್‌ಬುಕ್ ನಿಮ್ಮ ಮಾತಿಗೆ ಬಲ ಕೊಡುತ್ತದೆ.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

• ಏಳುವುದು, ಸ್ನಾನ, ಊಟ, ವ್ಯಾಯಾಮ, ನಿದ್ದೆ ದಿನವೂ ಒಂದೇ ವೇಳೆಗೆ ಆಗಲಿ. ದಿನಚರಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.
• ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮಾತನಾಡುವಾಗ ಟಿವಿ ಆರಿಸಿ.
• ತಾವೇ ಮಾಡಬಲ್ಲ ಕೆಲಸವನ್ನು ಪ್ರೀತಿಯಿಂದಲೂ ನೀವು ಮಾಡಿಕೊಡಬೇಡಿ. ತಡವಾದರೂ ಅವರೇ ಮಾಡಲಿ.
• ಮಾತು ನಿಂತುಹೋಗಿದ್ದರೆ ಅವರ ಮುಂದೆ ಗಟ್ಟಿಯಾಗಿ ಕೂಗಬೇಡಿ, ಕಿವಿ ಕೇಳಿಸುತ್ತಿರಬಹುದು. ಉತ್ತರಕ್ಕೆ ಸಮಯ ಕೊಡಿ. ಸ್ವಂತವಾಗಿ ಒಂದು ವಾಕ್ಯ ಆಡಲಾರದ ಕೆಲವರು ವಾರದ ಹೆಸರು, ಮಗ್ಗಿ, ಬಾಯಿಪಾಠವಾದ ವಚನವನ್ನು ಹೇಳಬಲ್ಲರು. ಅಲ್ಲಿಂದ ಆರಂಭಿಸಿ. ಮಾತಿನ ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರಾಗಿದೆ.
• ಫಿಟ್ಸ್ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಪ್ರಯೋಜನವಿಲ್ಲ. 5 ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.
• ವೈದ್ಯರ ಒಪ್ಪಿಗೆ ಇಲ್ಲದೆ ವಾಹನ ಓಡಿಸುವುದು, ಬಾವಿ ಕೆರೆಯಲ್ಲಿ ಈಜುವುದು ಬೇಡ. ಮದ್ಯಪಾನ ಬೇಡವೇ ಬೇಡ.

ಅಂಗವಿಕಲತೆಯ ಪ್ರಮಾಣಪತ್ರ

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ 21 ಬಗೆಯ ಅಂಗವಿಕಲತೆಗಳಿವೆ. "ಮಿದುಳಿನ ಪೆಟ್ಟು" ಎಂಬ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಇದನ್ನು ಕೇಳಿ ಹಲವರು ನಿರಾಶರಾಗಿ ಹಿಂದಿರುಗುತ್ತಾರೆ. ಹಾಗೆ ಮಾಡಬೇಡಿ. ಅಲ್ಲಿ ಅಳೆಯುವುದು ಪೆಟ್ಟಿನಿಂದ ಉಳಿದ ತೊಂದರೆಯನ್ನು. ಕೈಕಾಲಿನ ದೌರ್ಬಲ್ಯ ಉಳಿದಿದ್ದರೆ ದೈಹಿಕ ಅಂಗವಿಕಲತೆ, ಮಾತು ಹೋಗಿದ್ದರೆ ವಾಕ್ ಮತ್ತು ಭಾಷಾ ಅಂಗವಿಕಲತೆ, ದೃಷ್ಟಿ ಕುಂದಿದ್ದರೆ ಮಂದದೃಷ್ಟಿ ಎಂದು ಪರಿಗಣಿಸುತ್ತಾರೆ.

ನೆನಪು ಮತ್ತು ನಡವಳಿಕೆಯ ತೀವ್ರ ತೊಂದರೆಯನ್ನು ಮಾನಸಿಕ ಅಸ್ವಸ್ಥತೆಯ ಅಡಿಯಲ್ಲಿ ಪರೀಕ್ಷಿಸಬಹುದು. ಈ ಹೆಸರಿಗೆ ಅಂಜಿ ಮನೆಯವರು ಬೇಡವೆನ್ನುವುದುಂಟು. ಇದು ಕಾಯ್ದೆಯಲ್ಲಿರುವ ಒಂದು ವರ್ಗದ ಹೆಸರು, ಯಾರನ್ನೂ ಹುಚ್ಚರೆಂದು ಕರೆದಂತಲ್ಲ. ಸ್ವಂತ ಆರೈಕೆ, ಜನರೊಡನೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಷಯಗಳನ್ನು ವೈದ್ಯರು ಇಲ್ಲಿ ವಿಚಾರಿಸುತ್ತಾರೆ. ನಿಮ್ಮ ನೋಟ್‌ಬುಕ್ ಅಲ್ಲಿ ನೆರವಿಗೆ ಬರುತ್ತದೆ.

ಮಿದುಳಿಗೆ ಸಂಬಂಧಿಸಿದ ತೊಂದರೆಯನ್ನು ಸಾಮಾನ್ಯವಾಗಿ 6 ತಿಂಗಳ ನಂತರ ಅಳೆಯುತ್ತಾರೆ. ಅಷ್ಟರಲ್ಲಿ ಎಷ್ಟು ಚೇತರಿಕೆಯಾಗುತ್ತದೆ ಎಂಬುದು ತಿಳಿಯುತ್ತದೆ. ಅರ್ಜಿಯನ್ನು ಯುಡಿಐಡಿ ಅಂತರ್ಜಾಲ ತಾಣದಲ್ಲಿ ಹಾಕಬೇಕು. 2021ರ ಜೂನ್‌ನಿಂದ ಪ್ರಮಾಣಪತ್ರವನ್ನು ಅದರ ಮೂಲಕವೇ ಕೊಡಲಾಗುತ್ತಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇದ್ದರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಇದಕ್ಕೆ ಆದಾಯದ ಮಿತಿ ಇದೆ. ರಿಯಾಯಿತಿ ಬಸ್ ಪಾಸ್, ಗಾಲಿಕುರ್ಚಿ ಮುಂತಾದ ಸಾಧನಗಳಿಗೂ ಈ ಪ್ರಮಾಣಪತ್ರವೇ ಆಧಾರ.

ಎಲ್ಲಿ ಕೇಳಬೇಕೆಂದು ತಿಳಿಯದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಅರ್ಜಿ ಹಾಕಲು ನೆರವಾಗುವುದು ಅವರ ಕೆಲಸ.

ರಾಜೀನಾಮೆಗೆ ಸಹಿ ಹಾಕುವ ಮುನ್ನ

ರೋಗಿ ಸರ್ಕಾರಿ ಇಲಾಖೆ, ಸರ್ಕಾರಿ ನಿಗಮ ಅಥವಾ ಮಂಡಳಿಯ ನೌಕರರಾಗಿದ್ದರೆ ಅವಸರದಲ್ಲಿ ರಾಜೀನಾಮೆಗೋ ಸ್ವಯಂ ನಿವೃತ್ತಿಗೋ ಸಹಿ ಹಾಕಿಸಬೇಡಿ. ಸೇವೆಯಲ್ಲಿರುವಾಗ ಅಂಗವಿಕಲರಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯ ದರ್ಜೆ ಇಳಿಸುವಂತಿಲ್ಲ ಎಂದು 2016ರ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಮೊದಲಿನ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಇಲ್ಲದಿದ್ದರೆ, ಅದು ಸಿಗುವ ತನಕ ಅಥವಾ ನಿವೃತ್ತಿಯ ತನಕ ಹೆಚ್ಚುವರಿ ಹುದ್ದೆಯಲ್ಲಿ ಉಳಿಸಿಕೊಳ್ಳಬೇಕು. ಬಸ್ ಓಡಿಸಲಾಗದ ಚಾಲಕರು ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ ಕೇಳಬಹುದು. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ರಸ್ತೆ ಅಪಘಾತವಾಗಿದ್ದರೆ

ಅಪಘಾತವಾದ 6 ತಿಂಗಳೊಳಗೆ ಪರಿಹಾರಕ್ಕೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್‌ನಿಂದ ಇದೆ. ಪೂರ್ತಿ ಗುಣವಾಗಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಎಫ್‌ಐಆರ್ ಪ್ರತಿ, ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ವರದಿ ಮತ್ತು ಎಲ್ಲ ಬಿಲ್ಲುಗಳನ್ನು ಒಂದೇ ಚೀಲದಲ್ಲಿ ಜೋಪಾನವಾಗಿಡಿ. ವಿಕಲಚೇತನರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ ಅಥವಾ 15100ಕ್ಕೆ ಕರೆ ಮಾಡಿ.

ನೋಡಿಕೊಳ್ಳುವವರ ಆರೋಗ್ಯ

ಹೆಚ್ಚಿನ ಮನೆಗಳಲ್ಲಿ ಈ ಭಾರವೆಲ್ಲ ಹೆಂಡತಿ, ತಾಯಿ ಅಥವಾ ಸೊಸೆಯ ಮೇಲೆ ಬೀಳುತ್ತದೆ. ಹಗಲು ರೋಗಿಯ ಸಿಟ್ಟು, ರಾತ್ರಿ ನಿದ್ದೆಗೇಡು. "ಇವರು ಮೊದಲಿನವರಲ್ಲ" ಎಂಬ ದುಃಖವನ್ನು ಯಾರಿಗೂ ಹೇಳಿಕೊಳ್ಳಲಾಗದು. ಈ ದುಃಖ ತಪ್ಪಲ್ಲ. ವಾರಕ್ಕೆ ಒಂದು ದಿನವಾದರೂ ಅಣ್ಣತಮ್ಮಂದಿರು, ಮಕ್ಕಳು ಸರದಿ ವಹಿಸಿಕೊಂಡು ಅವರಿಗೆ ಬಿಡುವು ಕೊಡಲಿ. ಮನಸ್ಸು ತಡೆಯದಾದಾಗ 14416ಕ್ಕೆ ಉಚಿತವಾಗಿ ಕರೆ ಮಾಡಿ, ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತನಾಡಬಹುದು.

ಮೊದಲ ಆರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಆಮೇಲೆ ನಿಧಾನವಾದರೂ ಹಲವರಲ್ಲಿ ವರ್ಷಗಟ್ಟಲೆ ಮುಂದುವರಿಯುತ್ತದೆ. ಮೊದಲಿನ ಬದುಕು ಹಾಗೆಯೇ ಸಿಗದಿರಬಹುದು. ಆದರೆ ಇನ್ನೊಂದು ಬಗೆಯಲ್ಲಿ ದುಡಿದು, ನಾಲ್ಕು ಜನರ ನಡುವೆ ಗೌರವದಿಂದ ಬಾಳಲು ಸಾಧ್ಯ. ಮುಂದಿನ ತಪಾಸಣೆಗೆ ಬರುವಾಗ ನೋಟ್‌ಬುಕ್ ತಪ್ಪದೆ ತನ್ನಿರಿ. ಸಂದೇಹವಿದ್ದರೆ ವಾರ್ಡಿನ ಸಿಸ್ಟರ್‌ಗಳನ್ನು ಸಂಕೋಚವಿಲ್ಲದೆ ಕೇಳಿರಿ.