ಕಪ್ಪು ಪಟ್ಟಿ ಎಳೆದ ಮಾತ್ರಕ್ಕೆ ಮಾಹಿತಿ ಅಳಿಸಿ ಹೋಗಲ್ಲ

ಈ ವಾರದ ಎಪಿಸೋಡ್ ಕೇಳುಗರೊಬ್ಬರ ಪ್ರಶ್ನೆಯಿಂದ ಹುಟ್ಟಿದ್ದು. ಅವರು ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ತಿದಾರೆ. ಬ್ರೋಕರ್ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದಾರೆ. ಸಂಬಳ ಬರೋದು ಕಂಡ್ರೆ ಸಾಕು, ಉಳಿದಿದ್ದೆಲ್ಲ ಅವರಿಗ್ಯಾಕೆ ಅಂತ ಇವರು ಫೋನಲ್ಲೇ ಪಿಡಿಎಫ್ ತೆರೆದು, ಅಕೌಂಟ್ ನಂಬರ್, ವಿಳಾಸ, ಖರ್ಚಿನ ಸಾಲುಗಳ ಮೇಲೆಲ್ಲ ಕಪ್ಪು ಪಟ್ಟಿ ಎಳೆದಿದಾರೆ. "ಇಷ್ಟು ಮಾಡಿದ್ರೆ ಸಾಕಾ?" ಅಂತ ಕೇಳಿದ್ರು.

ಪಟ್ಟಿ ಮೇಲೆ ಬೆರಳು ಒತ್ತಿ ಹಿಡಿದು, ಸೆಲೆಕ್ಟ್ ಆದ್ರೆ ಕಾಪಿ ಮಾಡಿ, ನೋಟ್ಸ್‌ನಲ್ಲಿ ಪೇಸ್ಟ್ ಮಾಡಿ ನೋಡಿ ಅಂದೆ. ಅಕೌಂಟ್ ನಂಬರ್ ಪೂರ್ತಿ ಬಂತು.

ಯಾಕೆ ಹೀಗಾಗುತ್ತೆ? ಪಿಡಿಎಫ್ ನೋಡೋಕೆ ಫೋಟೋ ಥರ ಕಂಡ್ರೂ ಒಳಗೆ ಅದು ಸೂಚನೆಗಳ ಪಟ್ಟಿ. 'ಈ ಜಾಗದಲ್ಲಿ ಈ ಅಕ್ಷರ ತೋರಿಸು' ಅಂತ ಒಂದೊಂದಾಗಿ ಬರೆದಿರುತ್ತೆ. ನೀವು ಕಪ್ಪು ಪಟ್ಟಿ ಎಳೆದಾಗ 'ಇಲ್ಲೊಂದು ಕಪ್ಪು ಚೌಕ ಬಿಡಿಸು' ಅನ್ನೋ ಇನ್ನೊಂದು ಸೂಚನೆ ಸೇರುತ್ತೆ, ಅಷ್ಟೇ. ಕೆಳಗಿನ ಅಕ್ಷರ ಎಲ್ಲೂ ಹೋಗಿಲ್ಲ. ಗೋಡೆ ಮೇಲೆ ಬರೆದಿದ್ದು ಕಾಣಬಾರದು ಅಂತ ಕ್ಯಾಲೆಂಡರ್ ತೂಗುಹಾಕಿದ ಹಾಗೆ. ಎತ್ತಿ ನೋಡೋರಿಗೆ ಎಲ್ಲ ಕಾಣುತ್ತೆ.

ಇದು ನಮ್ಮಂಥವರಿಗೆ ಮಾತ್ರ ಆಗೋದಲ್ಲ. 2019ರ ಜನವರಿಯಲ್ಲಿ, ಟ್ರಂಪ್ ಅವರ ಪ್ರಚಾರ ತಂಡದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಕೋರ್ಟಿಗೆ ಒಂದು ಪಿಡಿಎಫ್ ಸಲ್ಲಿಸಿದ್ರು. ಗುಟ್ಟಾಗಿ ಇಡಬೇಕಾದ ಸಾಲುಗಳಿಗೆ ಕಪ್ಪು ಬಳಿದಿದ್ರು. ಪತ್ರಕರ್ತರು ಕಾಪಿ-ಪೇಸ್ಟ್ ಮಾಡಿ ಅದನ್ನೆಲ್ಲ ಓದಿಬಿಟ್ರು. ಚುನಾವಣಾ ಸಮೀಕ್ಷೆಯ ಮಾಹಿತಿ ಹಂಚಿಕೊಂಡ ಆರೋಪ ಹೊರಬಿದ್ದಿದ್ದು ಹಾಗೆ.

ಎಕ್ಸೆಲ್‌ನಲ್ಲೂ ಇದೇ ಕಥೆ. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡ್ ಪೊಲೀಸರು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರವಾಗಿ ಒಂದು ಎಕ್ಸೆಲ್ ಫೈಲ್ ಕೊಟ್ರು. ಅದರಲ್ಲಿ ಹೈಡ್ ಮಾಡಿದ್ದ ಒಂದು ಶೀಟ್ ಹಾಗೇ ಉಳಿದಿತ್ತು. ಸುಮಾರು 9,500 ಪೊಲೀಸರು ಮತ್ತು ಸಿಬ್ಬಂದಿಯ ಹೆಸರು, ಹುದ್ದೆಯ ವಿವರ ಬಯಲಾಯ್ತು. ಪೊಲೀಸ್ ಅಂತ ಗೊತ್ತಾದ್ರೆ ಜೀವಕ್ಕೇ ಅಪಾಯ ಇರೋ ಜಾಗ ಅದು. ಆಮೇಲೆ ಇಲಾಖೆಗೆ ಏಳೂವರೆ ಲಕ್ಷ ಪೌಂಡ್ ದಂಡ ಬಿತ್ತು. ನಾನು ಬಿಕಾಂ ಓದಿದವನು, ಎಕ್ಸೆಲ್‌ನಲ್ಲಿ ಕಾಲಂ ಹೈಡ್ ಮಾಡೋದು ನಮಗೆ ನೀರು ಕುಡಿದಷ್ಟು ಸಲೀಸು. ಆದ್ರೆ ಹೈಡ್ ಬೇರೆ, ಡಿಲೀಟ್ ಬೇರೆ. ಅನ್‌ಹೈಡ್ ಒತ್ತಿದ್ರೆ ಎಲ್ಲ ವಾಪಸ್ ಬರುತ್ತೆ.

ಹಾಗಾದ್ರೆ ಫೋಟೋ ಅಥವಾ ಸ್ಕ್ರೀನ್‌ಶಾಟ್ ಮೇಲೆ ಗೀಚಿದ್ರೆ? ಪಿಡಿಎಫ್‌ಗಿಂತ ವಾಸಿ. ಆದ್ರೂ ಮೂರು ಕಡೆ ಹುಷಾರಾಗಿರಿ.

ಒಂದು, ಹೈಲೈಟರ್ ಥರದ ಪೆನ್ನು. ಅದು ಅರೆಪಾರದರ್ಶಕ. ಎರಡು ಮೂರು ಸಲ ಗೀಚಿದ್ರೆ ಕಪ್ಪಾಗಿ ಕಾಣುತ್ತೆ. ಆದ್ರೆ ಬ್ರೈಟ್‌ನೆಸ್, ಎಕ್ಸ್‌ಪೋಷರ್ ಏರಿಸಿದ್ರೆ ಕೆಳಗಿನ ಅಂಕಿ ಮೇಲೆದ್ದು ಬರಬಹುದು.

ಎರಡು, ಬ್ಲರ್. ಮಸುಕು ಮಾಡಿದ ಅಕ್ಷರವನ್ನ ಊಹಿಸೋ ಟೂಲ್‌ಗಳು ಇವೆ. ಬೇರೆ ಬೇರೆ ಅಂಕಿಗಳನ್ನ ಅದೇ ರೀತಿ ಮಸುಕು ಮಾಡಿ, ಯಾವುದು ಹೊಂದುತ್ತೆ ಅಂತ ನೋಡೋದು. ಅಂಕಿ ಇರೋದೇ ಹತ್ತು, ಅದಕ್ಕೆ ಫೋನ್ ನಂಬರ್, ಅಕೌಂಟ್ ನಂಬರ್‌ಗೆ ಬ್ಲರ್ ನಂಬಬೇಡಿ.

ಮೂರು, ಕ್ರಾಪ್. ಗೂಗಲ್ ಪಿಕ್ಸೆಲ್ ಫೋನ್‌ಗಳ ಎಡಿಟರ್‌ನಲ್ಲಿ ಒಂದು ದೋಷ ಇತ್ತು. ಕತ್ತರಿಸಿ ತೆಗೆದ ಭಾಗದ ಡೇಟಾ ಫೈಲ್ ಒಳಗೇ ಉಳೀತಿತ್ತು. 2023ರ ಮಾರ್ಚ್‌ನಲ್ಲಿ ಅದನ್ನ ಸರಿಪಡಿಸಿದ್ರು. ಆದ್ರೆ ಅದಕ್ಕೂ ಮುಂಚೆ ಹಂಚಿದ ಚಿತ್ರಗಳನ್ನ ಅಪ್‌ಡೇಟ್ ಸರಿ ಮಾಡಲ್ಲ.

ಈಗ ಆಧಾರ್ ವಿಷಯ. ಕೈಯಲ್ಲಿ ಗೀಚೋ ಗೋಜೇ ಬೇಡ, ಮೈಆಧಾರ್ ಪೋರ್ಟಲ್‌ನಲ್ಲಿ ಮಾಸ್ಕ್ಡ್ ಆಧಾರ್ ಸಿಗುತ್ತೆ. ಮೊದಲ 8 ಅಂಕಿ ಮುಚ್ಚಿ, ಕೊನೆಯ 4 ಮಾತ್ರ ತೋರಿಸುತ್ತೆ. ಕೈಯಲ್ಲೇ ಮುಚ್ಚೋದಾದ್ರೂ ಒಂದೆರಡು ಅಂಕಿ ಮುಚ್ಚಿ ಸುಮ್ಮನಾಗಬೇಡಿ. ಆಧಾರ್‌ನ 12ನೇ ಅಂಕಿ ಉಳಿದ 11 ಅಂಕಿಗಳಿಂದ ಲೆಕ್ಕ ಹಾಕಿ ಬರೋದು. ಹಾಗಾಗಿ ಒಂದು ಅಂಕಿ ಮುಚ್ಚಿದ್ರೆ ಅದು ಯಾವುದು ಅಂತ ಲೆಕ್ಕ ಮಾಡಿ ಹೇಳಬಹುದು. ಕ್ಯೂಆರ್ ಕೋಡ್ ಮರೀಬೇಡಿ. ನಂಬರ್, ವಿಳಾಸಕ್ಕೆಲ್ಲ ಕಪ್ಪು ಬಳಿದು ಕ್ಯೂಆರ್ ಹಾಗೇ ಬಿಟ್ರೆ, ಸ್ಕ್ಯಾನ್ ಮಾಡಿದವರಿಗೆ ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಸಿಗುತ್ತೆ.

ಸರಿ, ಸ್ಟೇಟ್‌ಮೆಂಟ್ ಕಳಿಸಲೇಬೇಕು ಅಂದ್ರೆ ಫೋನಲ್ಲಿ ಹೀಗೆ ಮಾಡಿ.

1. ಬೇಕಾದ ಪುಟದ ಸ್ಕ್ರೀನ್‌ಶಾಟ್ ತೆಗೀರಿ. ಇಲ್ಲಿಗೆ ಅಕ್ಷರಗಳೆಲ್ಲ ಬರೀ ಚಿತ್ರ ಆಗುತ್ವೆ.

2. ಗ್ಯಾಲರಿ ಎಡಿಟರ್‌ನಲ್ಲಿ ಗಟ್ಟಿ ಬಣ್ಣದ ಚೌಕ ಹಾಕಿ ಮುಚ್ಚಿ. ಹೈಲೈಟರ್ ಬೇಡ, ಬ್ಲರ್ ಬೇಡ.

3. ಆ ಚಿತ್ರವನ್ನ ತೆರೆದು ಮತ್ತೊಂದು ಸ್ಕ್ರೀನ್‌ಶಾಟ್ ತೆಗೆದು, ಅದನ್ನೇ ಕಳಿಸಿ. ಮೊದಲನೇ ಚಿತ್ರದಲ್ಲಿ 'ಅನ್‌ಡೂ' ಮಾಡೋ ದಾರಿ ಉಳಿದಿರಬಹುದು, ಎರಡನೇದರಲ್ಲಿ ಉಳಿಯಲ್ಲ.

4. ಕಳಿಸೋ ಮುಂಚೆ ಜೂಮ್ ಮಾಡಿ, ಬ್ರೈಟ್‌ನೆಸ್ ಏರಿಸಿ ಒಮ್ಮೆ ನೋಡಿ. ಫೈಲ್ ಹೆಸರೂ ನೋಡಿ, ಕೆಲವು ಸಲ ಅದರಲ್ಲೇ ಅಕೌಂಟ್ ನಂಬರ್ ಇರುತ್ತೆ.

ಕಂಪ್ಯೂಟರ್‌ನಲ್ಲಾದ್ರೆ ಅಡೋಬಿ ಅಕ್ರೊಬ್ಯಾಟ್ ಪ್ರೊದಲ್ಲಿ 'ರಿಡ್ಯಾಕ್ಟ್' ಅಂತಲೇ ಟೂಲ್ ಇದೆ. ಅದು ಅಕ್ಷರವನ್ನೇ ತೆಗೆದುಹಾಕುತ್ತೆ. ಆದ್ರೆ ಗುರುತು ಹಾಕಿ ಬಿಟ್ರೆ ಆಗಲ್ಲ, 'ಅಪ್ಲೈ' ಒತ್ತಬೇಕು. ಇನ್ನು 'ಫ್ರೀ ಪಿಡಿಎಫ್ ಎಡಿಟರ್' ಅಂತ ಸರ್ಚ್‌ನಲ್ಲಿ ಸಿಕ್ಕ ವೆಬ್‌ಸೈಟಿಗೆ ಸ್ಟೇಟ್‌ಮೆಂಟ್ ಅಪ್‌ಲೋಡ್ ಮಾಡಬೇಡಿ. ಯಾರಿಗೂ ಕಾಣಬಾರದು ಅಂತ ಹೊರಟವರು ಮೊದಲು ಗುರುತಿಲ್ಲದವರ ಸರ್ವರ್‌ಗೇ ಕೊಟ್ಟ ಹಾಗಾಗುತ್ತೆ.

ಕೊನೇದಾಗಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ ಮಾತು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಇರೋದು ನಿಮ್ಮ ವಿವರ ಮಾತ್ರ ಅಲ್ಲ. ಪ್ರತಿ ಯುಪಿಐ ಸಾಲಿನಲ್ಲೂ ಇನ್ನೊಬ್ಬರ ಹೆಸರಿರುತ್ತೆ, ಎಷ್ಟೋ ಸಲ ಫೋನ್ ನಂಬರೇ ಯುಪಿಐ ಐಡಿ ಆಗಿರುತ್ತೆ. ಅಮ್ಮನಿಗೆ ಕಳಿಸಿದ ದುಡ್ಡು, ಫ್ರೆಂಡ್ ಹತ್ರ ಮಾಡಿದ ಸಾಲ, ನೀವು ಹೋಗೋ ಡಾಕ್ಟರ್ ಕ್ಲಿನಿಕ್. ನಿಮ್ಮ ಗುಟ್ಟು ಬಿಟ್ಟುಕೊಡೋದು ನಿಮ್ಮ ಇಷ್ಟ. ಅವರದ್ದನ್ನ ಬ್ರೋಕರ್‌ಗೆ ಕೊಡೋಕೆ ಅವರು ಒಪ್ಪಿಲ್ಲವಲ್ಲ.

ಅದಕ್ಕೆ ಮುಚ್ಚೋಕೆ ಮುಂಚೆ ಒಂದು ಪ್ರಶ್ನೆ ಕೇಳಿ: ಇದನ್ನ ಕೊಡಲೇಬೇಕಾ? ನಮ್ಮ ಕೇಳುಗರು ಬ್ರೋಕರ್‌ಗೆ "ಸ್ಯಾಲರಿ ಸ್ಲಿಪ್ ಕೊಟ್ರೆ ನಡೆಯುತ್ತಾ?" ಅಂತ ಕೇಳಿದ್ರು. ನಡೆಯುತ್ತೆ ಅಂದ್ರಂತೆ. ಅದರಲ್ಲೂ ಪ್ಯಾನ್, ಪಿಎಫ್ ನಂಬರ್ ಇತ್ತು. ಈ ಸಲ ಸ್ಕ್ರೀನ್‌ಶಾಟ್ ತೆಗೆದೇ ಮುಚ್ಚಿ ಕಳಿಸಿದಾರೆ.

ನಿಮ್ಮ ಪ್ರಶ್ನೆಗಳನ್ನ ಕಳಿಸ್ತಾ ಇರಿ. ಡಾಕ್ಯುಮೆಂಟ್ ಮಾತ್ರ ಕಳಿಸಬೇಡಿ! ಮುಂದಿನ ವಾರ ಸಿಗೋಣ.