ಮಕ್ಕಳ ಚಿತ್ತಾರಕ್ಕೆ ಮೊಬೈಲಿನಲ್ಲಿ ಪ್ರದರ್ಶನ



ಭೂಮಿ ಹುಣ್ಣಿಮೆಗೆ ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದು ತಮಗೆ ತಿಳಿದೇ ಇದೆ. ಬುಟ್ಟಿಗೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಹಿಟ್ಟಿನಿಂದ ಬಿಳಿ ಎಳೆಗಳನ್ನು ಎಳೆಯುತ್ತಾರೆ. ಕಪ್ಪಿಗೆ ಕರಿಯಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಅಂಗಡಿಯಿಂದ ತರತಕ್ಕದ್ದು ಏನೂ ಇಲ್ಲ. ಮದುವೆಮನೆಯ ಹಸೆಗೋಡೆ ಚಿತ್ತಾರವೂ ಇದೇ ಬಗೆಯದು. ಆದರೆ ಮಣ್ಣಿನ ಗೋಡೆ ಹೋಗಿ ಸಿಮೆಂಟು ಗೋಡೆ ಬಂದ ಮೇಲೆ ಬರೆಯುವ ಜಾಗವೇ ಕಡಿಮೆಯಾಯಿತು. ಎಳೆಗಳ ಹೆಸರನ್ನು ಬಲ್ಲವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ಅವರಿದ್ದಾಗಲೇ ಮಕ್ಕಳು ಕಲಿಯಬೇಕು.

ಕಲಿತು ಬರೆದದ್ದನ್ನು ಊರಿಗೆಲ್ಲ ತೋರಿಸಲು ಈಗ ಚಪ್ಪರ, ಬಾಡಿಗೆ ಬೇಕಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಎಷ್ಟೋ ಕಡೆ ಮಕ್ಕಳ ಚಿತ್ರಗಳನ್ನು ಅಂತರ್ಜಾಲದಲ್ಲೇ ಪ್ರದರ್ಶನಕ್ಕಿಟ್ಟರು. ಗದ್ದೆ ಕೆಲಸ ಮುಗಿಸಿ ರಾತ್ರಿ ಉಂಡ ಮೇಲೂ ನೋಡಬಹುದು. ಬೆಂಗಳೂರಿನಲ್ಲಿ ದುಡಿಯುವ ಮಗನೂ ನೋಡಬಹುದು.

ಇದರಲ್ಲಿ ಕೆಲಸ ಕೆಡುವುದು ಫೋಟೋ ತೆಗೆಯುವಲ್ಲಿ. ಚಿತ್ರವನ್ನು ರಟ್ಟಿಗೆ ಅಂಟಿಸಿ, ಬೆಳಿಗ್ಗೆ ಜಗಲಿಯ ನೆರಳಿನಲ್ಲಿ ಗೋಡೆಗೆ ನೇರವಾಗಿ ನಿಲ್ಲಿಸಿರಿ. ನೇರ ಬಿಸಿಲು ಬಿದ್ದರೆ ಬಿಳಿ ಎಳೆಗಳು ಕಣ್ಣಿಗೆ ಹೊಡೆದು ಕೆಮ್ಮಣ್ಣಿನ ಬಣ್ಣ ತೇಲಿಹೋಗುತ್ತದೆ. ಫ್ಲಾಶ್ ಬೇಡ. ಮೊಬೈಲನ್ನು ಓರೆ ಮಾಡದೆ ಚಿತ್ರದ ನಡುಮಟ್ಟಕ್ಕೆ ಹಿಡಿಯಬೇಕು. ಓರೆಯಾದರೆ ಚೌಕ ಎಳೆಗಳು ಸೊಟ್ಟಗಾಗುತ್ತವೆ, ಚಿತ್ತಾರದ ಜೀವವೇ ಆ ನೇರ ಎಳೆ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆಯೇ ತಲುಪುತ್ತದೆ. ಒಂದು ಫೋಟೋ 3-4 ಎಂ.ಬಿ. ಆದರೆ 40 ಫೋಟೋಗಳಿಗೆ 120ರಿಂದ 160 ಎಂ.ಬಿ. ಸಾಕು.

ಶಿಕ್ಷಕರೊಬ್ಬರು ಇವನ್ನೆಲ್ಲ ಗೂಗಲ್ ಡ್ರೈವಿನ ಒಂದು ಕಡತಕ್ಕೆ ಹಾಕಿ, ನೋಡಲು ಮಾತ್ರ ಅವಕಾಶವಿಟ್ಟು, ಕೊಂಡಿಯನ್ನು ಹಂಚಿದರಾಯಿತು. ಪ್ರತಿ ಚಿತ್ರದ ಕೆಳಗೆ ಮಗುವಿನ ಹೆಸರು, ತರಗತಿ, ಬಳಸಿದ ಬಣ್ಣ, ಯಾರಿಂದ ಕಲಿತದ್ದು ಎಂಬುದಿರಲಿ. ಎಳೆಯ ಹೆಸರನ್ನು ಅಜ್ಜಿಯ ದನಿಯಲ್ಲೇ ಮುದ್ರಿಸಿ ಸೇರಿಸಿದರೆ ಇನ್ನೂ ಒಳ್ಳೆಯದು. ಮಗುವಿನ ಮುಖದ ಫೋಟೋ, ಫೋನ್ ನಂಬರು, ಮನೆಯ ವಿಳಾಸ ಮಾತ್ರ ಹಾಕಬಾರದು. ಹೆಸರು ಹಾಕುವುದಕ್ಕೂ ಮೊದಲೇ ತಂದೆತಾಯಿಗಳ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಮಗು ಬರೆದ ಚಿತ್ರದ ಹಕ್ಕು ಆ ಮಗುವಿನದೇ. ಯಾರಾದರೂ ಅದನ್ನು ಕ್ಯಾಲೆಂಡರಿಗೆ ಹಾಕಲು ಕೇಳಿದರೆ ಸುಮ್ಮನೆ ಕೊಟ್ಟುಬಿಡಬೇಡಿರಿ.

ಲೈಕು ಎಣಿಸಿ ಬಹುಮಾನ ಕೊಡುವುದು ನನಗೆ ಸರಿಕಾಣದು. ನೆಂಟರು ಹೆಚ್ಚಿರುವ ಮನೆಯ ಮಗುವಿಗೇ ಬಹುಮಾನ ಸಿಕ್ಕೀತು! ಸ್ಮಾರ್ಟ್‌ಫೋನ್ ಇಲ್ಲದ ಮನೆಗಳವರಿಗಾಗಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ, ಒಂದು ಸಂಜೆ ಅಲ್ಲಿ ತೋರಿಸಿರಿ. ಬರೆದ ಮಕ್ಕಳೇ ನಿಂತು ವಿವರಿಸಲಿ.

ಮೂಲ ಚಿತ್ರಗಳನ್ನು ಸುರುಳಿ ಸುತ್ತಬೇಡಿ, ಅಕ್ಕಿಹಿಟ್ಟು ಉದುರುತ್ತದೆ. ಜಿರಲೆಗೂ ಅದು ಪ್ರಿಯ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಚಪ್ಪಟೆಯಾಗಿ ಇಡಿರಿ. ಹುಣ್ಣಿಮೆಗೆ ಹದಿನೈದು ದಿನ ಮುಂಚೆಯೇ ಶಾಲೆಯ ಮುಖ್ಯೋಪಾಧ್ಯಾಯರೊಡನೆ ಮಾತಾಡಿ ದಿನ ಗೊತ್ತುಮಾಡಿಕೊಂಡರೆ, ಮಕ್ಕಳು ಮನೆಯಲ್ಲಿ ಬುಟ್ಟಿ ಬರೆಯುವಾಗಲೇ ಕುಂಚ ಹಿಡಿಯಲು ಸಮಯ ಸಿಗುತ್ತದೆ.