ಏರ್‌ಬ್ರಷ್ ಮುನಿದಾಗ

ಯಾದಗಿರಿ ತಾಲ್ಲೂಕಿನ ಅಬ್ಬೆತುಮಕೂರಿನಲ್ಲಿ ವಿಶ್ವಾರಾಧ್ಯರ ಸಿದ್ಧ ಸಂಸ್ಥಾನ ಮಠವಿದೆ. ಜಾತ್ರೆಗೆ ಬರುವ ಟ್ರ್ಯಾಕ್ಟರ್, ಟಂಟಂ, ಕ್ರೂಸರ್‌ಗಳ ಹಣೆಯ ಮೇಲೆ ವಿಶ್ವಾರಾಧ್ಯರ ಹೆಸರೋ ಚಿತ್ರವೋ ಕಾಣುವುದು ಸಾಮಾನ್ಯ. ಹೆಚ್ಚಿನವು ಅಂಗಡಿಯ ಸ್ಟಿಕ್ಕರ್‌ಗಳು. ಈ ಕಡೆಯ ಬಿಸಿಲಿಗೆ ಸ್ಟಿಕ್ಕರ್ ಬೇಗ ಮಾಸುತ್ತದೆ, ಅಂಚು ಎದ್ದು ಧೂಳು ಹಿಡಿಯುತ್ತದೆ. ಬೈಕಿನ ಟ್ಯಾಂಕಿನ ಮೇಲೆ, ಟ್ರ್ಯಾಲಿಯ ಹಿಂಬದಿಗೆ, ಗುಡಿಯ ಗೋಡೆಗೆ ಕೈಯಿಂದಲೇ ಬರೆಸಬೇಕು ಎನ್ನುವವರು ಅದಕ್ಕೇ ಇನ್ನೂ ಇದ್ದಾರೆ. ಚಿತ್ರ ಕಲಿತ ಹುಡುಗನ ಕೈಗೆ ಏರ್‌ಬ್ರಷ್ ಬರುವುದು ಇಂಥ ಕೆಲಸದ ಆಸೆಯಿಂದ. ಪುಟ್ಟ ಕಂಪ್ರೆಸರ್ ಸಮೇತ ಆನ್‌ಲೈನಿನಲ್ಲಿ ತರಿಸುತ್ತಾನೆ, ಬಣ್ಣ ತುಂಬುತ್ತಾನೆ, ಟ್ರಿಗರ್ ಒತ್ತುತ್ತಾನೆ. ಒಂದೋ ಏನೂ ಬರುವುದಿಲ್ಲ, ಇಲ್ಲವೇ ಬಣ್ಣ ಚಿಲ್ಲನೆ ಉಗುಳಿ ಕಾಗದ ಕೆಡುತ್ತದೆ. ಒಂದೆರಡು ವಾರ ಗುದ್ದಾಡಿ ಡಬ್ಬಿ ಅಟ್ಟ ಸೇರುತ್ತದೆ.

ಹಾಗೆ ಅಟ್ಟ ಸೇರಿದ ಬಹುಪಾಲು ಏರ್‌ಬ್ರಷ್‌ಗಳಲ್ಲಿ ಕೆಟ್ಟಿರುವುದು ಏನೂ ಇಲ್ಲ. ಹೊಸಬರ ಕೈಯಲ್ಲಿ ಅದು ಮುನಿಯಲು ಕಾರಣಗಳು ಬಹಳ ಕಡಿಮೆ: ಬಣ್ಣದ ಹದ, ಗಾಳಿಯ ಒತ್ತಡ, ಸೂಜಿಯ ಸ್ವಚ್ಛತೆ. ತಪ್ಪು ಎಲ್ಲಿದೆ ಎಂಬುದನ್ನು ಕಾಗದದ ಮೇಲೆ ಬಿದ್ದ ಕಲೆಯೇ ತಿಳಿಸುತ್ತದೆ. ಆ ಕಲೆ ಓದಲು ಕಲಿತರೆ ಅರ್ಧ ಕಸುಬು ಕೈಗೆ ಬಂದಂತೆ.

ಕುಂಚವಿದ್ದೂ ಇದೇಕೆ ಬೇಕು? ಕೆನ್ನೆಯ ಬೆಳಕು ಕಿವಿಯ ಕಡೆ ಸರಿಯುತ್ತ ನೆರಳಾಗುವ ಜಾಗವನ್ನು ನೆನೆಸಿಕೊಳ್ಳಿ. ಎಲ್ಲಿ ಬೆಳಕು ಮುಗಿಯಿತು, ಎಲ್ಲಿ ನೆರಳು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಏರ್‌ಬ್ರಷ್‌ನ ನವಿರು ತುಂತುರು ಸಲೀಸಾಗಿ ತರುವ ಇದನ್ನು ಕುಂಚದಲ್ಲಿ ತರಲು ವರ್ಷಗಟ್ಟಲೆ ಸಾಧನೆ ಬೇಕು. ನಮ್ಮ ಸೀಮೆಯಲ್ಲಿ ಅಂಥ ಸಾಧಕರಿಗೆ ಬರವಿರಲಿಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಕಲಾವಿದರು ಕಾಗದದ ಮೇಲೆ ಸೂಕ್ಷ್ಮ ಚಿತ್ರಗಳನ್ನು ಬರೆದರು. ಸುರಪುರ ಶೈಲಿ ಎಂದೇ ಅವು ಹೆಸರಾದವು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಲ್ಲಿ ದೇಶವೇ ಗುರುತಿಸುವ ಹೆಸರಾದರು. ಅವರ ರಾಧೆ, ಶಿವ, ಮೇನಕೆಯರ ಮೈಬಣ್ಣದಲ್ಲಿ ಬೆಳಕು ನೆರಳಿಗೆ ಜಾರುವ ಬಗೆಯನ್ನು ಏರ್‌ಬ್ರಷ್ ಹಿಡಿಯುವ ಪ್ರತಿಯೊಬ್ಬರೂ ಒಮ್ಮೆ ಹತ್ತಿರದಿಂದ ನೋಡಬೇಕು. ಉಪಕರಣ ಯಾವುದೇ ಇರಲಿ, ಮುಟ್ಟಬೇಕಾದ ಗುರಿ ಅದೇ.

ಏರ್‌ಬ್ರಷ್ ಹುಟ್ಟಿದ್ದು ಅಮೆರಿಕದಲ್ಲಿ, 1870ರ ದಶಕದ ಕೊನೆಯಲ್ಲಿ. ಐಯೋವಾ ರಾಜ್ಯದ ಆಬ್ನರ್ ಪೀಲರ್ ಎಂಬಾತ ಗಾಳಿಯಿಂದ ಬಣ್ಣ ಹರಡುವ ಸಾಧನ ಕಟ್ಟಿದ. ಇಂದು ನಾವು ಕೈಯಲ್ಲಿ ಹಿಡಿಯುವ, ಒಳಗೇ ಗಾಳಿ-ಬಣ್ಣ ಬೆರೆಯುವ ಪೆನ್ನಿನಾಕಾರದ ಸಾಧನಕ್ಕೆ 1890ರ ದಶಕದಲ್ಲಿ ರೂಪ ಕೊಟ್ಟವನು ಚಾರ್ಲ್ಸ್ ಬರ್ಡಿಕ್. ಫೋಟೊ ತಿದ್ದುವ ಸ್ಟುಡಿಯೊಗಳು ಅದನ್ನು ಮೊದಲು ಅಪ್ಪಿಕೊಂಡವು.

ಒಳಗಿನ ವ್ಯವಸ್ಥೆ ಸರಳ. ಉದ್ದನೆಯ ಉಕ್ಕಿನ ಸೂಜಿಯೊಂದು ಮುಂದಿನ ನಾಝಲಿನ ತೂತನ್ನು ಮುಚ್ಚಿಕೊಂಡಿರುತ್ತದೆ. ಡಬಲ್ ಆಕ್ಷನ್ ಮಾದರಿಯಲ್ಲಿ ಟ್ರಿಗರ್ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಸೂಜಿ ಸರಿದು ಬಣ್ಣ. ನಾಝಲಿನ ಮೂತಿಯ ಸುತ್ತ ರಭಸದಿಂದ ಹೋಗುವ ಗಾಳಿ ಅಲ್ಲಿ ಒತ್ತಡ ಇಳಿಸಿ ಬಣ್ಣವನ್ನು ಎಳೆದು ಹನಿಹನಿಯಾಗಿ ಒಡೆಯುತ್ತದೆ. ಆ ತೂತಿನ ಅಳತೆ ಸಾಮಾನ್ಯವಾಗಿ 0.2ರಿಂದ 0.5 ಮಿಲಿಮೀಟರ್. ಹೊಸಬರಿಗೆ ಮೇಲ್ಗಡೆ ಕಪ್ ಇರುವ, 0.3ರ ನಾಝಲಿನದು ಒಳ್ಳೆಯದು. 0.2ರದು ಬೇಗ ಕಟ್ಟಿಕೊಳ್ಳುತ್ತದೆ. ಸೂಕ್ಷ್ಮ ಗೆರೆಯ ಆಸೆಗೆ ಬಿದ್ದು ಅದನ್ನೇ ಮೊದಲು ಕೊಳ್ಳುವುದು ಬೇಡ.

0.3 ಮಿಲಿಮೀಟರ್ ತೂತಿನಲ್ಲಿ ಡಬ್ಬಿಯ ಬಣ್ಣ ಹಾಗೇ ಇಳಿಯುವುದಿಲ್ಲ ಎಂಬುದು ಇಷ್ಟರಿಂದಲೇ ತಿಳಿಯಬೇಕು. ಬಣ್ಣ ಹಾಲಿನ ಹದಕ್ಕೆ ಬರಬೇಕು: ಕಪ್ಪಿನ ಗೋಡೆಗೆ ಹಚ್ಚಿದರೆ ತೆಳ್ಳಗೆ ಜಾರಿ, ಹಿಂದೆ ಬಣ್ಣದ ಪೊರೆ ಉಳಿಯಬೇಕು. ಬೇರೆ ಬಟ್ಟಲಲ್ಲಿ ಕಲಸಿ, ಸಣ್ಣ ನೈಲಾನ್ ಬಟ್ಟೆಯಲ್ಲಿ ಸೋಸಿ, ಆಮೇಲೆ ಕಪ್ಪಿಗೆ ಹಾಕುವುದು ರೂಢಿಯಾಗಬೇಕು. ಕಪ್ಪಿನೊಳಗೇ ಕಲಸಿದರೆ ತಳದಲ್ಲಿ ಕಲಸದೆ ಉಳಿದ ಗಟ್ಟಿ ಬಣ್ಣವೇ ಮೊದಲು ನಾಝಲಿಗೆ ಹೋಗಿ ಕೂರುತ್ತದೆ. ನೀರಿನ ಬಣ್ಣ ತಿಳಿ ಮಾಡಲು ಬೋರ್‌ವೆಲ್ ನೀರು ಬಳಸಬೇಡಿ. ನಮ್ಮ ಭಾಗದ ಗಡಸು ನೀರು ಆರಿದಲ್ಲೆಲ್ಲ ಬಿಳಿ ಉಪ್ಪು ಬಿಡುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರು ಸಾಕು; ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆದರೆ ಇನ್ನೂ ಮೇಲು. ಅಂಗಡಿಯಲ್ಲಿ ಬ್ಯಾಟರಿಯ ಆ್ಯಸಿಡ್ ಬೇರೆ, ಈ ನೀರು ಬೇರೆ, ಚೀಟಿ ಓದಿ ತನ್ನಿ.

ಎಲ್ಲರನ್ನೂ ಕಾಡುವ ಮೊದಲ ತೊಂದರೆ ಉಗುಳುವುದು. ನುಣ್ಣಗೆ ಹೋಗುತ್ತಿದ್ದ ಬಣ್ಣ ಇದ್ದಕ್ಕಿದ್ದಂತೆ ದಪ್ಪ ಹನಿಗಳನ್ನು ಸಿಡಿಸುತ್ತದೆ. ಹುಡುಗರು ಕೂಡಲೇ ಒತ್ತಡ ಏರಿಸುತ್ತಾರೆ. ಸ್ವಲ್ಪ ಹೊತ್ತು ಸರಿಹೋದಂತೆ ತೋರಿ ಮತ್ತೆ ಅದೇ ಕಥೆ. ಗಾಳಿ ನಿಲ್ಲಿಸಿ, ಸೂಜಿಯ ಮೊನೆಯನ್ನು ಭೂತಗನ್ನಡಿಯಲ್ಲಿ ನೋಡಿ. ತುದಿಗೆ ಕೂದಲೆಳೆಯಷ್ಟು ಹಿಂದೆ ಒಣಗಿದ ಬಣ್ಣದ ಉಂಗುರವೊಂದು ಕಂಡೇ ಕಾಣುತ್ತದೆ. ಹೊರಬರುವ ಬಣ್ಣ ಅಲ್ಲಿ ತಡೆದು, ಗುಡ್ಡೆಯಾಗಿ, ಗಾಳಿಗೆ ಕಿತ್ತು ಹಾರುತ್ತದೆ. ಆಕ್ರಿಲಿಕ್ ಬಣ್ಣದ ಜಾತಿಗುಣವೇ ಇದು, ಬೇಗ ಒಣಗುತ್ತದೆ. ಒದ್ದೆ ಹತ್ತಿಯಿಂದ ಸೂಜಿಯ ಮೊನೆಯನ್ನು ಹಿಂದಿನಿಂದ ಮುಂದಕ್ಕೆ, ತಿರುಗಿಸುತ್ತ ಒರೆಸಿ. ಮುಂದಿನಿಂದ ಹಿಂದಕ್ಕೆ ಒರೆಸಿದರೆ ಬೆರಳಿಗೆ ಚುಚ್ಚುತ್ತದೆ, ಮೊನೆಯೂ ಬಾಗುತ್ತದೆ. ಕೆಲಸದ ನಡುವೆ ಆಗಾಗ ಹೀಗೆ ಒರೆಸುವುದು ಪಳಗಿದವರ ಕೈಗೂ ತಪ್ಪಿದ್ದಲ್ಲ. ಅದನ್ನು ಅಡ್ಡಿ ಎಂದು ತಿಳಿಯದೆ ಕೆಲಸದ ಭಾಗವೆಂದೇ ಎಣಿಸಬೇಕು.

ಉಗುಳಲು ಇನ್ನೊಂದು ಕಾರಣ ಬೆರಳಿನದು. ಗೆರೆ ಮುಗಿಸುವಾಗ ಗಾಳಿ, ಬಣ್ಣ ಎರಡನ್ನೂ ಒಟ್ಟಿಗೆ ಬಿಟ್ಟರೆ ಒಂದು ಹನಿ ಮೂತಿಯಲ್ಲಿ ಉಳಿಯುತ್ತದೆ, ಮುಂದಿನ ಗೆರೆಯ ಶುರುವಿನಲ್ಲಿ ಅದು ಸಿಡಿಯುತ್ತದೆ. ಮೊದಲು ಗಾಳಿ, ಆಮೇಲೆ ಬಣ್ಣ. ನಿಲ್ಲಿಸುವಾಗ ಮೊದಲು ಬಣ್ಣ, ಆಮೇಲೆ ಗಾಳಿ. ಹಳೆಯ ಪತ್ರಿಕೆಯ ಮೇಲೆ ಇಂಕು ಹಾಕಿಕೊಂಡು ಚುಕ್ಕೆ, ಗೆರೆ, ಚುಕ್ಕೆಯಿಂದ ಗೆರೆ ಎಂದು ದಿನವೂ ಬಿಟ್ಟರೆ ಬೆರಳು ತಾನಾಗಿ ಈ ಕ್ರಮ ಕಲಿಯುತ್ತದೆ.

ಕಪ್ಪಿನಲ್ಲಿ ಗುಳ್ಳೆ ಏಳುತ್ತಿದ್ದರೆ ಗಾಳಿ ಮುಂದೆ ಹೋಗದೆ ಬಣ್ಣದೊಳಕ್ಕೆ ತಿರುಗಿದೆ ಎಂದರ್ಥ. ನಾಝಲ್ ಸಡಿಲವಾಗಿರಬಹುದು, ಮೂತಿ ಕಟ್ಟಿರಬಹುದು, ಇಲ್ಲವೇ ನಾಝಲ್ ಸೀಳಿರಬಹುದು. ಸೂಜಿಯನ್ನು ಒಳಗಿಡುವಾಗ ಜೋರಾಗಿ ತಳ್ಳಿದವರ ನಾಝಲ್ ಸೀಳುತ್ತದೆ. ಅದನ್ನು ಬಿಗಿಯುವಾಗಲೂ ಬಲ ಬೇಡ; ಅಕ್ಕಿಕಾಳಿಗಿಂತ ಚಿಕ್ಕ ಭಾಗದ ತಿರುಪು ಮುರಿದರೆ ತುಂಡು ಒಳಗೇ ಸಿಕ್ಕಿಕೊಳ್ಳುತ್ತದೆ. ಗಾಳಿ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಪಂಕ್ಚರ್ ಅಂಗಡಿಯವರ ಉಪಾಯವೇ ಸಾಕು: ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ.

ಟ್ರಿಗರ್ ಎಳೆದರೂ ಬಣ್ಣ ಬರದಿದ್ದಾಗ ಮೊದಲು ನೋಡಬೇಕಾದ್ದು ಹಿಂಬದಿಯ ಸಣ್ಣ ನಟ್. ಅದು ಸಡಿಲವಿದ್ದರೆ ಟ್ರಿಗರ್ ಹಿಂದೆ ಬಂದರೂ ಸೂಜಿ ನಿಂತಲ್ಲೇ ನಿಲ್ಲುತ್ತದೆ. ಕಪ್ಪಿನ ಮುಚ್ಚಳದ ಗಾಳಿತೂತು ಬಣ್ಣದಿಂದ ಮುಚ್ಚಿಹೋದರೂ ಹೀಗೇ ಆಗುತ್ತದೆ. ಎಳೆಯದೆಯೇ ಬಣ್ಣ ಬಂದರೆ ಸೂಜಿ ಪೂರ್ತಿ ಮುಂದೆ ಕೂತಿಲ್ಲ. ಗೆರೆ ಒಂದು ಬದಿಗೆ ವಾಲಿದರೆ ಮೊನೆ ಬಾಗಿದೆ.

ಗೆರೆಯಿಂದ ಸುತ್ತಲೂ ಜೇಡನ ಕಾಲುಗಳಂಥ ಎಳೆಗಳು ಹರಿದರೆ ಬಣ್ಣ ತೀರ ತಿಳಿಯಾಗಿದೆ, ಅಥವಾ ಕೈ ತೀರ ಹತ್ತಿರವಿದೆ. ಒತ್ತಡ ಇಳಿಸಿ, ಕಡಿಮೆ ಬಣ್ಣ ಬಿಡಿ. ತೆಳುವಾದ ಹಲವು ಪದರಗಳಲ್ಲಿ ನೆರಳು ಕಟ್ಟಬೇಕು, ಒಂದೇ ಸಲಕ್ಕೆ ಕಪ್ಪಾಗಿಸುವ ಆತುರ ಬೇಡ. ಸಾಮಾನ್ಯ ಕೆಲಸಕ್ಕೆ 15ರಿಂದ 25 ಪಿ.ಎಸ್.ಐ. ಒತ್ತಡ ಸಾಕು. ಒತ್ತಡಮಾಪಕದ ಮುಳ್ಳು ನೋಡಬೇಕಾದ್ದು ಟ್ರಿಗರ್ ಒತ್ತಿ ಹಿಡಿದಾಗ. ಬಿಟ್ಟಾಗ ಅದು ಹೆಚ್ಚು ತೋರಿಸುತ್ತದೆ.

ಇನ್ನು ನಮ್ಮ ಹವೆಯ ಮಾತು. ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ, ಯಾಕೆಂದರೆ ಅವನ್ನು ಬರೆದವರು ಯಾದಗಿರಿಯ ಮೇ ತಿಂಗಳು ಕಂಡವರಲ್ಲ. ಉಷ್ಣಾಂಶ 40 ಡಿಗ್ರಿ ದಾಟಿದ ಒಣಹವೆಯಲ್ಲಿ ಹನಿಗಳು ನಾಝಲ್ ಬಿಟ್ಟು ಬೈಕಿನ ಟ್ಯಾಂಕಿಗೆ ತಾಗುವ ಮೊದಲೇ ಒಣಗುತ್ತವೆ. ಮೇಲ್ಮೈ ಮುಟ್ಟಿದರೆ ಮರಳು ಮರಳು. ಬಣ್ಣ ಕೆಟ್ಟಿತೆಂದು ಹೊಸ ಬಾಟಲಿ ತರಿಸುವ ಬದಲು ಬೆಳಗಿನ ತಂಪು ಹೊತ್ತಿನಲ್ಲಿ ಕೂತು, ಸ್ವಲ್ಪ ಹತ್ತಿರದಿಂದ ಹೊಡೆಯಿರಿ, ಒಣಗುವುದನ್ನು ತಡ ಮಾಡುವ ರಿಟಾರ್ಡರ್ ಕೆಲವು ಹನಿ ಬೆರೆಸಿ. ಬಿಸಿಲಿಗೆ ಕಾದ ಟ್ಯಾಂಕಿನ ಮೇಲಂತೂ ಬಣ್ಣ ಬೇಡವೇ ಬೇಡ.

ಮಳೆಗಾಲದ ತೊಂದರೆ ಇದಕ್ಕೆ ತದ್ವಿರುದ್ಧ. ಕಂಪ್ರೆಸರ್ ಒತ್ತಿದ ಗಾಳಿ ತಣ್ಣಗಾದಂತೆ ಅದರೊಳಗಿನ ತೇವ ನೀರಾಗಿ ಪೈಪಿನಲ್ಲಿ ನಿಲ್ಲುತ್ತದೆ, ಚಿತ್ರ ಮುಗಿಯುವ ಹೊತ್ತಿಗೆ ಮುಖದ ಮೇಲೆ ನೀರಹನಿ ಬೀಳುತ್ತದೆ. ಮಾಯಿಶ್ಚರ್ ಟ್ರ್ಯಾಪ್ ಎಂಬ ಬಟ್ಟಲನ್ನು ಪೈಪಿನ ನಡುವೆ ಹಾಕಿಸಲೇಬೇಕು, ಕಂಪ್ರೆಸರ್ ಟ್ಯಾಂಕಿನ ತಳದ ನೀರನ್ನು ದಿನವೂ ಬಿಡಬೇಕು. ಟ್ಯಾಂಕಿಲ್ಲದ ಪುಟ್ಟ ಕಂಪ್ರೆಸರ್‌ಗಳಲ್ಲಿ ಗಾಳಿ ಮಿಡಿಯುತ್ತ ಬಂದು ಗೆರೆಯಲ್ಲಿ ದಪ್ಪ-ತೆಳುವು ಮೂಡುತ್ತದೆ. ಹಣವಿದ್ದರೆ ನಾಝಲಿಗಿಂತ ಮೊದಲು ಟ್ಯಾಂಕಿಗೆ ಖರ್ಚು ಮಾಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಜೋಡಿಸಿಕೊಳ್ಳುವವರೂ ಉಂಟು. ಅಲ್ಲಿನ ಒತ್ತಡ ಹಲವು ಪಟ್ಟು ಹೆಚ್ಚು, ಗಾಳಿಯಲ್ಲಿ ಎಣ್ಣೆಯ ಅಂಶವೂ ಇರುತ್ತದೆ. ರೆಗ್ಯುಲೇಟರ್, ಫಿಲ್ಟರ್ ಎರಡೂ ಇಲ್ಲದೆ ಬೇಡ. ಎಣ್ಣೆ ಸೇರಿದ ಜಾಗದಲ್ಲಿ ಬಣ್ಣ ಕೂರದೆ ಗುಂಡಗೆ ಸರಿದು ಕಣ್ಣುಕಣ್ಣಾಗುತ್ತದೆ.

ತೊಳೆಯುವುದು ಎಲ್ಲಕ್ಕಿಂತ ದೊಡ್ಡ ಪಾಠ. ಬಣ್ಣ ಬದಲಿಸುವಾಗಲೆಲ್ಲ ಕಪ್ ಖಾಲಿ ಮಾಡಿ, ನೀರು ಅಥವಾ ಆ ಬಣ್ಣಕ್ಕೆ ತಕ್ಕ ಥಿನ್ನರ್ ಹಾಕಿ, ತಿಳಿಯಾಗಿ ಬರುವತನಕ ಹೊಡೆಯಬೇಕು. ಮೂತಿಗೆ ಬಟ್ಟೆ ಅಡ್ಡ ಹಿಡಿದು ಟ್ರಿಗರ್ ಮೆಲ್ಲಗೆ ಎಳೆದರೆ ಗಾಳಿ ಹಿಂದಕ್ಕೆ ನುಗ್ಗಿ ಮೂಲೆಯ ಬಣ್ಣವನ್ನೂ ಕಪ್ಪಿಗೆ ತರುತ್ತದೆ. ದಿನದ ಕೊನೆಗೆ ಸೂಜಿ ಹೊರತೆಗೆದು ಒರೆಸಬೇಕು. ಇಡೀ ಏರ್‌ಬ್ರಷ್ಷನ್ನು ರಾತ್ರಿಯಿಡೀ ಥಿನ್ನರಿನಲ್ಲಿ ನೆನೆಹಾಕಿದರೆ ಒಳಗಿನ ರಬ್ಬರ್ ಉಂಗುರಗಳು ಉಬ್ಬುತ್ತವೆ. ಹೊಲಿಗೆ ಸೂಜಿಯಿಂದ ನಾಝಲ್ ಚುಚ್ಚಿದರೆ ತೂತು ಅಗಲವಾಗಿ, ಆ ನಾಝಲ್ ಮತ್ತೆ ನೇರ ಗೆರೆ ಕೊಡುವುದಿಲ್ಲ.

ಕೊನೆಗೆ ಉಸಿರಿನ ಮಾತು, ಇದರಲ್ಲಿ ರಾಜಿಯಿಲ್ಲ. ನೀರಿನ ಬಣ್ಣವಾದರೂ ಕಣಗಳು ಶ್ವಾಸಕೋಶಕ್ಕೆ ಹೋಗುತ್ತವೆ, ಒಳ್ಳೆಯ ಮಾಸ್ಕ್ ಬೇಕು. ಥಿನ್ನರಿನ ಬಣ್ಣಕ್ಕೆ ಬಟ್ಟೆಯ ಮಾಸ್ಕ್, ಹೆಗಲ ಟವೆಲ್ ಏನೂ ತಡೆಯಲಾರವು. ಆವಿ ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು, ಕಿಟಕಿ ಬಾಗಿಲು ತೆರೆದಿರಬೇಕು, ಹತ್ತಿರ ಬೆಂಕಿ ಇರಬಾರದು. ಬೈಕಿನ ಟ್ಯಾಂಕಿಗೆ ಹೊಳಪು ಕೊಡುವ, ಹಾರ್ಡ್‌ನರ್ ಬೆರೆಸುವ ಕ್ಲಿಯರ್ ಕೋಟಿನಲ್ಲಿ ಐಸೊಸಯನೇಟ್ ಇರುತ್ತದೆ. ಒಮ್ಮೆ ಮೈಗೆ ಒಗ್ಗದೆ ಹೋದರೆ ಜೀವನಪರ್ಯಂತ ಉಬ್ಬಸ ತರಬಲ್ಲ ರಾಸಾಯನಿಕ ಅದು. ಚಿತ್ರವನ್ನು ನೀವು ಬರೆಯಿರಿ; ಆ ಕೊನೆಯ ಕೋಟನ್ನು ಮಾತ್ರ, ಗಾಳಿ ಹೊರಹಾಕುವ ಬೂತ್ ಮತ್ತು ಹೊರಗಿನ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಇರುವ ಉಸ್ತಾದರ ಕೈಗೆ ಕೊಡಿ.